ಕರಿ ಕೋಟಿಂಗ್ ನಂಬಿ ಹಳೇ ಪಿಕಪ್ಪನ್ನು ಮಳೆಗೆ ಇಳಿಸಬೇಡಿ

ಮಳೆಗಾಲ ಹತ್ತಿರ ಬಂತು ಅಂದರೆ ನಮ್ಮ ಕರಾವಳಿಯಲ್ಲಿ ಹಳೇ ಗಾಡಿ ಇಟ್ಟುಕೊಂಡವರು ಒಂದು ಕೆಲಸ ಮಾಡಿಸುತ್ತಾರೆ. ತುಕ್ಕು ಹಿಡಿಯದಿರಲಿ ಅಂತ ಗಾಡಿಯ ಅಡಿಗೆ ಕರಿ ಕೋಟಿಂಗ್ ಹೊಡೆಸುತ್ತಾರೆ. ನಾನೂ 2022ರ ಮೇ ತಿಂಗಳಲ್ಲಿ ಹೊಡೆಸಿದೆ. ಮರುವರ್ಷ ಪುನರ್ವಸು ಮಳೆಯಲ್ಲಿ, ಕುಮಟಾ-ಶಿರಸಿ ದಾರಿಯ ದೇವಿಮನೆ ಘಾಟಿನಲ್ಲಿ ನಾನೂ ನನ್ನ ತಂಗಿಯ ಮಗನೂ ಬದುಕಿ ಉಳಿದದ್ದೇ ದೊಡ್ಡದು. ನಿಮ್ಮ ಮನೆಯಲ್ಲೂ ಹಳೇ ಪಿಕಪ್ಪು, ಜೀಪು ಇದ್ದರೆ ಇದನ್ನು ಪೂರ್ತಿ ಓದಿ.

ನಮ್ಮದು ಟಾಟಾಮೊಬೈಲ್ 206. 1988ರಲ್ಲಿ ಬಂದ ಮಾದರಿ. ಆಮೇಲೆ 1991ರಲ್ಲಿ ಬಂದ ಸಿಯೆರಾ ಕಾರಿಗೂ ಇದರದ್ದೇ ಬುನಾದಿ. 1948 ಸಿಸಿ ಡೀಸೆಲ್ ಎಂಜಿನ್, ಹಿಂದೆ ಉಕ್ಕಿನ ಪಟ್ಟಿಗಳನ್ನು ಜೋಡಿಸಿದ ಲೀಫ್ ಸ್ಪ್ರಿಂಗ್. ಅಪ್ಪ ಇದನ್ನು ತಂದಾಗ ನಾನು ಶಾಲೆಗೆ ಹೋಗುತ್ತಿದ್ದೆ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನ ಮೂಟೆಗಳನ್ನು ತುಂಬಿಕೊಂಡು ಅಪ್ಪ ಶಿರಸಿಗೆ ಹೋಗುತ್ತಿದ್ದರು. ಅಪ್ಪೆಮಿಡಿ ಬರುವ ದಿನಗಳಲ್ಲಂತೂ ವಾರಕ್ಕೆರಡು ಸಲ. ಮೇಲಿನ ಊರುಗಳಲ್ಲಿ ಉಪ್ಪಿನಕಾಯಿ ಹಾಕುವವರಿಗೆ ಸಾಣಿಕಟ್ಟೆ ಉಪ್ಪೇ ಆಗಬೇಕಿತ್ತು. ಮಾದನಗೇರಿ, ಮಿರ್ಜಾನ್ ದಾಟಿ, ದೀವಗಿಯಲ್ಲಿ ತಿರುಗಿ, ಕತಗಾಲದ ಮೇಲೆ ಘಾಟಿ ಹತ್ತುವುದು. ನಾನು ಗೇರ್ ಹಾಕಲು ಕಲಿತದ್ದೂ ಆ ದಾರಿಯಲ್ಲೇ. ಅಪ್ಪ ಹೋದ ಮೇಲೆ ಗಾಡಿ ಮಾರಲು ಮನಸ್ಸಾಗಲಿಲ್ಲ.

ಈಗ ಯೋಚಿಸಿ. ಎಷ್ಟೋ ವರ್ಷ ಉಪ್ಪು ಹೊತ್ತ ಗಾಡಿ. ಮೂಟೆಯಿಂದ ಉದುರಿದ ಹರಳು ಡಾಲಿಯ, ಅಂದರೆ ಹಿಂದೆ ಸರಕು ತುಂಬುವ ಜಾಗದ, ಸಂದಿಗಳಿಗೆ ಇಳಿದಿರುತ್ತದೆ. ಗಾಡಿ ನಿಲ್ಲುವುದೂ ಸಮುದ್ರದಿಂದ ಕೂಗಳತೆಯ ದೂರದಲ್ಲಿ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಗಾಳಿಗೆ ಬರುವ ತುಂತುರಿನಲ್ಲೂ ಅದೇ ಉಪ್ಪು. ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು ಮತ್ತು ಗಾಳಿ ಸಾಕು, ಉಪ್ಪು ಸೇರಿದರೆ ಅದರ ವೇಗ ಜಾಸ್ತಿಯಾಗುತ್ತದೆ. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲದಲ್ಲಿ ರಸ್ತೆಯ ಮೇಲೆ ಉಪ್ಪು ಚೆಲ್ಲುತ್ತಾರೆ, ಹಿಮ ಕರಗಲಿ ಅಂತ. ಆ ಉಪ್ಪಿನಿಂದ ಅಲ್ಲಿನ ಹಳೇ ಪಿಕಪ್ಪುಗಳು ಅಡಿಯಿಂದ ತುಕ್ಕು ತಿಂದು ಹೋಗುತ್ತವೆ. ಅವರಿಗೆ ಚಳಿಗಾಲ ಹೇಗೋ ನಮಗೆ ಮಳೆಗಾಲ ಹಾಗೆ. ಅವರಿಗೆ ಉಪ್ಪು ರಸ್ತೆಯಿಂದ ಹಾರುತ್ತದೆ, ನಮಗೆ ಸಮುದ್ರದಿಂದ. ಅದರ ಮೇಲೆ ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸಿನ ಮಳೆ.

ಇಷ್ಟೆಲ್ಲ ನನಗೂ ಗೊತ್ತಿತ್ತು. ಅದಕ್ಕೇ ಕೋಟಿಂಗ್ ಮಾಡಿಸೋಣ ಅಂದುಕೊಂಡೆ. ಹೆದ್ದಾರಿ ಪಕ್ಕದ ಒಂದು ಅಂಗಡಿಗೆ ಹೋದೆ. ಅಲ್ಲಿನ ಹುಡುಗ ಅಡಿಗೆ ಬಗ್ಗಿ ನೋಡಿ, "ಅಣ್ಣ, ಮೇಲ್ಮೇಲೆ ತುಕ್ಕು ಅಷ್ಟೆ. ಇದನ್ನ ಹೊಡೆದರೆ ಐದು ವರ್ಷ ನೋಡೋದೇ ಬೇಡ" ಅಂದ. ಬೆಳಿಗ್ಗೆ ಪ್ರೆಶರ್ ನೀರು ಹೊಡೆದರು. ಮಧ್ಯಾಹ್ನ ಊಟ ಮುಗಿಸಿ ಬಂದು ಕೋಟಿಂಗ್ ಹೊಡೆದರು. ಸಂಜೆ ಗಾಡಿ ಕೈಗೆ ಬಂತು. ಒಂಬತ್ತು ಸಾವಿರ ರೂಪಾಯಿ. ಅಡಿಗೆ ಬಗ್ಗಿ ನೋಡಿದರೆ ಹೊಸ ಗಾಡಿಯ ತರ ಕರ್ರಗೆ ಮಿಂಚುತ್ತಿತ್ತು.

ತಪ್ಪು ಅಲ್ಲೇ ಆದದ್ದು. ತುಕ್ಕನ್ನು ಕೆರೆದು ತೆಗೆಯಲಿಲ್ಲ. ಬೆಳಿಗ್ಗೆ ಹೊಡೆದ ನೀರು ಸಂದಿಗಳಲ್ಲಿ ಹಾಗೇ ಇತ್ತು. ಗಾಡಿಯ ಭಾರ ಹೊರುವ ಅಡಿಯ ಚೌಕಟ್ಟು, ಅಂದರೆ ಚಾಸಿಯ ಕೆಳಗೆ ನೀರು ಬಸಿಯಲು ತೂತುಗಳಿರುತ್ತವಲ್ಲ, ಅವುಗಳ ಮೇಲೂ ಹೊಡೆದು ಮುಚ್ಚಿದ್ದರು. ಬ್ರೇಕ್ ಪೈಪಿನ ಮೇಲೂ ಹೊಡೆದಿದ್ದರು. ಡಾಂಬರು, ರಬ್ಬರ್ ಸೇರಿದ ಈ ಕೋಟಿಂಗು ಒಣಗಿದ, ಶುದ್ಧ ಲೋಹವನ್ನು ಮಾತ್ರ ಗಟ್ಟಿಯಾಗಿ ಹಿಡಿಯುತ್ತದೆ. ತುಕ್ಕಿನ ಮೇಲೆ ಹೊಡೆದರೆ ಅದು ತುಕ್ಕಿಗೆ ಅಂಟುತ್ತದೆ, ಕಬ್ಬಿಣಕ್ಕಲ್ಲ. ಒಳಗಿನ ತುಕ್ಕು ಉಬ್ಬುತ್ತಾ ಹೋಗುತ್ತದೆ, ಪದರ ಸಣ್ಣಗೆ ಮೇಲೇಳುತ್ತದೆ. ಒಂದು ಕಲ್ಲು ತಗುಲಿ ಚೂರು ಬಿರುಕು ಬಿಟ್ಟರೆ ಸಾಕು, ನೀರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಕೋಟಿಂಗ್ ಇಲ್ಲದಿದ್ದರೆ ಬಿಸಿಲು ಬಿದ್ದ ದಿನವಾದರೂ ಒಣಗುತ್ತಿತ್ತು. ಈಗ ಬೇಸಿಗೆಯಲ್ಲೂ ಒಣಗಲಿಲ್ಲ. ಇದಕ್ಕಿಂತ ಕೆಟ್ಟದ್ದೆಂದರೆ, ನಾನು ಅಡಿಗೆ ಬಗ್ಗಿ ನೋಡುವುದನ್ನೇ ಬಿಟ್ಟೆ. ಮೊದಲು ತಿಂಗಳಿಗೊಮ್ಮೆ ನೋಡುತ್ತಿದ್ದೆ.

2023ರ ಜುಲೈ. ಶಿರಸಿ ಹತ್ತಿರ ತಂಗಿಯ ಮನೆಯಿಂದ ಬರುತ್ತಿದ್ದೆ. ಹಿಂದೆ ಬಾಳೆಗೊನೆ, ಅಡಿಕೆ ಸಸಿ. ಅರ್ಧ ಟನ್ನೂ ಇರಲಿಲ್ಲ. ತಂಗಿಯ ಮಗ ಪಕ್ಕದಲ್ಲಿ ಕೂತಿದ್ದ. ಬಂಡಲ ದಾಟುವಾಗಲೇ ಮಂಜು, ಜೊತೆಗೆ ಬಿಡದ ಮಳೆ. ಘಾಟಿ ಇಳಿಯುವಾಗ ಎರಡನೇ ಗೇರಿನಲ್ಲಿದ್ದೆ. ಅಪ್ಪ ಹೇಳಿಕೊಟ್ಟದ್ದು ಅದನ್ನೇ: ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಒಂದು ತಿರುವಿನಲ್ಲಿ ಸಣ್ಣ ಗುಂಡಿಗೆ ಹಿಂದಿನ ಎಡ ಚಕ್ರ ಇಳಿಯಿತು. ತೆಂಗಿನಕಾಯಿ ಒಡೆದಂಥ ಸದ್ದು. ಗಾಡಿ ಎಡಕ್ಕೆ ಕುಸಿದು, ಹಿಂಭಾಗ ಕಣಿವೆಯ ಕಡೆ ಎಳೆಯಿತು. ಬ್ರೇಕ್ ಜೋರಾಗಿ ಒತ್ತಿದೆ. ಮೊದಲು ಹಿಡಿಯಿತು, ಆಮೇಲೆ ಪೆಡಲ್ ಮೆಲ್ಲಗೆ ಕೆಳಗೆ ಹೋಯಿತು. ತಂಗಿಯ ಮಗ "ಮಾವಾ" ಅಂತ ಒಂದೇ ಸಲ ಕೂಗಿದ. ಎರಡನೇ ಗೇರಿನ ಹಿಡಿತ ಇತ್ತಲ್ಲ, ಅದು ಉಳಿಸಿತು. ಗುಡ್ಡದ ಕಡೆಯ ಚರಂಡಿಗೆ ಮುಂದಿನ ಚಕ್ರ ಇಳಿಸಿ ಮಣ್ಣಿಗೆ ಒರಗಿಸಿ ನಿಲ್ಲಿಸಿದೆ. ಕೈ ನಡುಗುವುದು ನಿಲ್ಲಲು ಎಷ್ಟು ಹೊತ್ತಾಯಿತೋ ನೆನಪಿಲ್ಲ. ಹುಡುಗ ಮಳೆಯಲ್ಲೇ ಇಳಿದು ರಸ್ತೆಯ ಮೇಲೆ ಸೊಪ್ಪಿನ ಕೊಂಬೆ ಮುರಿದು ಇಟ್ಟು ಬಂದ, ಹಿಂದೆ ಬರುವವರಿಗೆ ಗೊತ್ತಾಗಲಿ ಅಂತ. ಹದಿನಾರರ ಹುಡುಗ. ಅವನ ಮುಖ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ.

ಆದದ್ದು ಇಷ್ಟು. ಲೀಫ್ ಸ್ಪ್ರಿಂಗಿನ ಹಿಂದಿನ ತುದಿ ಚಾಸಿಗೆ ಕೂರುವ ಬ್ರಾಕೆಟ್ಟು, ಚಾಸಿಯ ಒಂದು ತುಂಡನ್ನೇ ಕಿತ್ತುಕೊಂಡು ಬಂದಿತ್ತು. ಸ್ಪ್ರಿಂಗಿನ ತುದಿ ಡಾಲಿಯ ತಗಡನ್ನು ತೂತು ಮಾಡಿ ಮೇಲೆ ಬಂದಿತ್ತು. ಹಿಂದಿನ ಬ್ರೇಕಿಗೆ ಹೋಗುವ ಉಕ್ಕಿನ ಪೈಪು ಒತ್ತಡ ತಾಳದೆ ಒಡೆದಿತ್ತು. ಟೈರು ತಗಡಿಗೆ ಉಜ್ಜಿ ಕರಕಲು ವಾಸನೆ.

ಕ್ರೇನ್ ಮೇಲೆ ಗಾಡಿಯನ್ನು ಅಂಕೋಲಾ ಕಡೆಯ ವಯಸ್ಸಾದ ಮೇಸ್ತ್ರಿಯೊಬ್ಬರ ಹತ್ತಿರ ತಂದೆ. ಅವರು ಅಪ್ಪನ ಕಾಲದಿಂದ ಈ ಗಾಡಿ ಬಲ್ಲವರು. ಸಣ್ಣ ಸುತ್ತಿಗೆ ತಗೊಂಡು ಅಡಿಗೆ ಹೋಗಿ ಮೆಲ್ಲಗೆ ತಟ್ಟುತ್ತಾ ಬಂದರು. ಒಳ್ಳೆಯ ಜಾಗದಲ್ಲಿ ಗಂಟೆಯ ಹಾಗೆ ಟಣ್ ಅನ್ನುತ್ತಿತ್ತು. ಹಿಂದಿನ ಅರ್ಧದಲ್ಲಿ ಸದ್ದೇ ಇಲ್ಲ, ಬರೀ ಡಬ್ ಡಬ್. ಸ್ಕ್ರೂಡ್ರೈವರ್ ಇಟ್ಟು ಒತ್ತಿದರು, ಒಳಗೆ ಹೋಯಿತು. ಕರಿ ಪದರವನ್ನು ಕೈಯಲ್ಲಿ ಹಿಡಿದು ಎಳೆದರೆ ಹಾಳೆಯಂತೆ ಎದ್ದು ಬಂತು. ಅದರ ಹಿಂದಿನಿಂದ ಕೆಂಪು ನೀರು ತೊಟ್ಟಿಕ್ಕಿತು. "ತಮಾ, ಇದು ಚಾಸಿ ಅಲ್ಲ, ಹೊಟ್ಟು" ಅಂದರು. ಹಿಂದೊಮ್ಮೆ ಬಲಕ್ಕೆ ಅಂತ ಚಾಸಿಗೆ ಎರಡನೇ ಪ್ಲೇಟ್ ವೆಲ್ಡ್ ಮಾಡಿಸಿದ್ದೆವು. ಆ ಎರಡು ಪ್ಲೇಟುಗಳ ನಡುವೆ ನೀರು ನಿಂತು, ಅಲ್ಲಿ ತಗಡು ಕಾಗದದಷ್ಟು ತೆಳ್ಳಗಾಗಿತ್ತು. ಭಾರ ಹೊರುವ ಗಾಡಿಗಳಲ್ಲಿ ಇಂಥ ಪ್ಲೇಟು ತುಂಬಾ ಸಾಮಾನ್ಯ. ನಿಮ್ಮ ಗಾಡಿಯಲ್ಲಿದ್ದರೆ ಮೊದಲು ಅಲ್ಲೇ ತಟ್ಟಿ ನೋಡಿ.

ಅಂಗಡಿಯವರನ್ನು ಕೇಳಿದೆ. "ಮಳೆಗೆ ನಾವೇನು ಮಾಡೋಣ" ಅಂದರು. ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಚಾಸಿಯ ಹಿಂಭಾಗ ಕತ್ತರಿಸಿ ಹೊಸದು ಕೂಡಿಸಿ, ಬ್ರೇಕ್ ಪೈಪುಗಳನ್ನೆಲ್ಲ ಬದಲಿಸಿ, ಡಾಲಿಯ ತಗಡು ಹಾಕಿಸುವಷ್ಟರಲ್ಲಿ ಎಪ್ಪತ್ತು ಸಾವಿರ ದಾಟಿತು. ಎರಡು ತಿಂಗಳು ಗಾಡಿ ನಿಂತಿತ್ತು.

ಹಾಗಂತ ಏನೂ ಬಳಿಯಬೇಡಿ ಅಂತ ನಾನು ಹೇಳುತ್ತಿಲ್ಲ. ಬಳಿಯುವ ಹೊತ್ತು ಮತ್ತು ಬಳಿಯುವ ಮುಂಚಿನ ಕೆಲಸ ಮುಖ್ಯ. ಮಾರ್ಚ್‌ನಲ್ಲಿ ಶುರು ಮಾಡಿ, ಮೇ ಕೊನೆಗೆ ಅಲ್ಲ. ಮೊದಲು ಸಿಹಿನೀರಿನಲ್ಲಿ ತೊಳೆಯಿರಿ. ಈ ಮಾತನ್ನು ಬೇಕೆಂದೇ ಹೇಳುತ್ತಿದ್ದೇನೆ. ನಮ್ಮ ಅಘನಾಶಿನಿ, ಗಂಗಾವಳಿ ದಂಡೆಯ ಎಷ್ಟೋ ಬಾವಿಗಳ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆ. ಆ ನೀರಿನಲ್ಲಿ ತೊಳೆದರೆ ಉಪ್ಪು ತೆಗೆದ ಹಾಗಲ್ಲ, ಹಾಕಿದ ಹಾಗೆ. ತೊಳೆದ ಮೇಲೆ ಒಂದು ವಾರ ಬಿಸಿಲಲ್ಲಿ ಬಿಡಿ. ತುಕ್ಕನ್ನು ತಂತಿ ಬ್ರಷ್ಷಿನಲ್ಲಿ ಲೋಹ ಕಾಣುವವರೆಗೆ ಕೆರೆಸಿ. ಕೆರೆಯಲಾಗದ ಮೂಲೆಗಳಿಗೆ ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್ ಹಚ್ಚಬಹುದು. ಅದು ತೆಳು ತುಕ್ಕಿಗೆ ಮಾತ್ರ, ಹೊಪ್ಪಳಿಕೆ ಎದ್ದ ತುಕ್ಕಿಗೆ ಅಲ್ಲ. ಆಮೇಲೆ ಸತು ಇರುವ ಪ್ರೈಮರ್, ಅದರ ಮೇಲೆ ಬಣ್ಣ. ಪೆಟ್ಟಿಗೆಯಂತೆ ಮುಚ್ಚಿದ ಜಾಗಗಳ ಒಳಗೆ ಮೇಣದಂತೆ ಮೆತ್ತಗೇ ಉಳಿಯುವ ಸ್ಪ್ರೇ ಹೊಡೆಸಿ. ಅದು ಗಟ್ಟಿಯಾಗುವುದಿಲ್ಲ, ಬಿರುಕು ಬಿಡುವುದಿಲ್ಲ. ಪ್ರತಿ ವರ್ಷ ಮತ್ತೆ ಹೊಡೆಯಬೇಕು, ಅದೊಂದು ಕೆಲಸ. ನೀರು ಬಸಿಯುವ ತೂತುಗಳಿಗೆ ಒಂದು ತಂತಿ ಹಾಕಿ ತೆರೆದಿವೆಯಾ ನೋಡಿ. ಬಾಗಿಲುಗಳ ಕೆಳ ಅಂಚಿನಲ್ಲೂ ಇಂಥ ತೂತು ಇರುತ್ತವೆ.

ಎಂಜಿನ್ನಿನಿಂದ ಇಳಿಸಿದ ಕರಿ ಆಯಿಲನ್ನು ಅಡಿಗೆ ಹೊಡೆಸುವವರೂ ಇದ್ದಾರೆ. ಬೇಡ. ರಬ್ಬರ್ ಬುಷ್ಷುಗಳು ಅದಕ್ಕೆ ಉಬ್ಬಿ ಹಾಳಾಗುತ್ತವೆ, ಬ್ರೇಕ್ ಡ್ರಮ್ಮಿಗೆ ಹನಿ ಬಿದ್ದರೆ ಬ್ರೇಕ್ ಹಿಡಿಯುವುದಿಲ್ಲ. ಮಳೆಗೆ ತೊಳೆದು ಹೋದದ್ದು ಕೊನೆಗೆ ಸೇರುವುದು ನಮ್ಮದೇ ಬಾವಿಗೆ.

ಗಾಡಿಯನ್ನು ತಾಡಪಾಲಿನಲ್ಲಿ ಸುತ್ತಿ ಕಟ್ಟಿ ಇಡುವುದೂ ಇದೇ ತಪ್ಪು. ನೆಲದ ತೇವ ಮೇಲೆ ಏರಿ ಒಳಗೇ ಉಳಿಯುತ್ತದೆ. ಮೇಲೆ ಮಾಡು, ಮಳೆ ಹೊಡೆಯುವ ಪಡುವಣ ಕಡೆಗೆ ಸೋಗೆಯ ತಟ್ಟಿ, ಉಳಿದ ಕಡೆ ಗಾಳಿಯಾಡಲಿ. ಅಂಗಳದ ಹಸಿ ಮಣ್ಣಿನ ಮೇಲೆ ನಿಲ್ಲಿಸಬೇಡಿ. ವಾರಕ್ಕೊಮ್ಮೆಯಾದರೂ ಹತ್ತು ಹನ್ನೆರಡು ಕಿಲೋಮೀಟರ್ ಓಡಿಸಿ, ಎಲ್ಲವೂ ಬಿಸಿಯಾಗಿ ಒಣಗುತ್ತದೆ.

ಓಡಿಸುವಾಗಿನ ಮಾತೂ ಇದೆ. ಖಾಲಿ ಪಿಕಪ್ಪಿನ ಹಿಂಭಾಗ ತುಂಬಾ ಹಗುರ. ಎಳೆಯುವುದು ಹಿಂದಿನ ಚಕ್ರಗಳು. ಒದ್ದೆ ರಸ್ತೆಯಲ್ಲಿ, ಅದರಲ್ಲೂ ಎಲೆ ಕೊಳೆತು ಬಿದ್ದ ಘಾಟಿಯಲ್ಲಿ, ಹಿಂಭಾಗ ಸುಮ್ನೆ ಜಾರುತ್ತದೆ. ಹಿಮದ ಊರಿನವರು ಚಳಿಗಾಲದಲ್ಲಿ ಡಾಲಿಗೆ ಮರಳಿನ ಚೀಲ ಹಾಕಿಕೊಳ್ಳುತ್ತಾರೆ. ನಾನೂ ಈಗ ಹಾಗೇ ಮಾಡುತ್ತೇನೆ. ಚೀಲಗಳು ಸರಿಯಾಗಿ ಹಿಂದಿನ ಅಚ್ಚಿನ (ಆಕ್ಸಲ್) ಮೇಲಿರಬೇಕು, ಡಾಲಿಯ ಹಿಂಬಾಗಿಲಿನ ಹತ್ತಿರ ಅಲ್ಲ. ಜಾರದ ಹಾಗೆ ಕಟ್ಟಬೇಕು. ಕಡಲ ದಂಡೆಯ ಮರಳನ್ನು ಮಾತ್ರ ತುಂಬಬೇಡಿ, ಅದು ಉಪ್ಪಿನ ಚೀಲವೇ. ಟೈರಿನ ಗೆರೆಯ ಆಳಕ್ಕೆ ಕಾನೂನಿನ ಮಿತಿ 1.6 ಮಿಲಿಮೀಟರ್. ನಮ್ಮ ಮಳೆಗೆ ಅಷ್ಟು ಸಾಲದು, 3 ಆದಾಗಲೇ ನಾನು ಬದಲಿಸುತ್ತೇನೆ.

ನೀರು ತುಂಬಿದ ರಸ್ತೆ ದಾಟಿದ ಮೇಲೆ ಮೆಲ್ಲಗೆ ಹೋಗುತ್ತಾ ಬ್ರೇಕನ್ನು ಹಗುರವಾಗಿ ನಾಲ್ಕೈದು ಸಲ ಒತ್ತಿ. ಡ್ರಮ್ಮಿನ ಒಳಗಿನ ನೀರು ಆರಿದರೆ ಮಾತ್ರ ಹಿಡಿತ ಬರುತ್ತದೆ. ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಹಿಂದಿನ ಅಚ್ಚಿನ ಮೇಲೆ ಗಾಳಿಯಾಡಲು ಒಂದು ಚಿಕ್ಕ ನಳಿಕೆ ಇರುತ್ತದೆ. ಓಡಿ ಬಿಸಿಯಾದ ಅಚ್ಚು ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಆ ನಳಿಕೆಯಿಂದಲೋ ಸೀಲಿನಿಂದಲೋ ನೀರನ್ನು ಎಳೆದುಕೊಳ್ಳುತ್ತದೆ. ಗೇರ್ ಆಯಿಲು ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಅಂತಲೇ ಅರ್ಥ. ಕೂಡಲೇ ಬದಲಿಸಿ. ಬ್ರೇಕ್ ಆಯಿಲೂ ಗಾಳಿಯ ತೇವ ಹೀರುತ್ತದೆ. ಡಾಟ್ 3 ಅನ್ನುವ ದರ್ಜೆಯ ಬ್ರೇಕ್ ಆಯಿಲು ಹೊಸದಿದ್ದಾಗ 205 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕುದಿಯುತ್ತದೆ, ತೇವ ಸೇರಿದ ಮೇಲೆ ಅದು 140ರವರೆಗೆ ಇಳಿಯಬಹುದು. ಘಾಟಿಯಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಆ ಬಿಸಿ ಸುಲಭವಾಗಿ ಬರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಲು ದೊಡ್ಡ ಖರ್ಚೇನಿಲ್ಲ, ಅಲ್ವಾ?

ಹಳೇ ಗಾಡಿ ಕೊಳ್ಳಲು ಹೊರಟವರಿಗೂ ಒಂದು ಮಾತು. ಮೇ ತಿಂಗಳಲ್ಲಿ ಅಡಿಯೆಲ್ಲ ಹೊಸದಾಗಿ ಕರ್ರಗೆ ಬಳಿದ ಪಿಕಪ್ಪು ಕಂಡರೆ ದುಡ್ಡು ಕೊಡಬೇಡಿ. ನಾಲ್ಕು ಕಡೆ ಕೆರೆದು ನೋಡಲು ಬಿಡಿ ಅಂತ ಕೇಳಿ. ಬಿಡದಿದ್ದರೆ ಬೇರೆ ಗಾಡಿ ನೋಡಿ. ಬಣ್ಣವಿಲ್ಲದೆ ತುಕ್ಕು ಕಾಣುತ್ತಿರುವ ಚಾಸಿಯೇ ವಾಸಿ, ಎಷ್ಟು ಹೋಗಿದೆ ಅಂತ ಕಣ್ಣಿಗೆ ಕಾಣುತ್ತದೆ.

ನಮ್ಮ ಗಾಡಿ ಈಗ ಮತ್ತೆ ಓಡುತ್ತಿದೆ. ಉಪ್ಪು ಹೊರಿಸುವುದನ್ನು ನಿಲ್ಲಿಸಿದ್ದೇನೆ. ಮೇಸ್ತ್ರಿ ತಟ್ಟಿ ನೋಡಿದ ಆ ಸಣ್ಣ ಸುತ್ತಿಗೆಯನ್ನು ಕೇಳಿ ಇಸ್ಕೊಂಡೆ, ಸೀಟಿನ ಕೆಳಗೇ ಇದೆ. ಪ್ರತಿ ವರ್ಷ ಮೃಗಶಿರ ಮಳೆ ಹುಟ್ಟುವ ಮುಂಚೆ ಒಂದು ದಿನ, ಮಳೆ ಮುಗಿದ ಮೇಲೆ ಒಂದು ದಿನ, ತಂಗಿಯ ಮಗನೂ ನಾನೂ ಅಡಿಗೆ ಮಲಗಿ ಈ ತುದಿಯಿಂದ ಆ ತುದಿಯವರೆಗೆ ತಟ್ಟಿ ನೋಡುತ್ತೇವೆ. ಗೋಕರ್ಣ, ಕುಮಟಾ, ಅಂಕೋಲಾ ಸುತ್ತ ಯಾರದ್ದಾದರೂ ಹಳೇ ಪಿಕಪ್ಪು ಇದ್ದು, ತಟ್ಟಿದಾಗ ಬರುವ ಸದ್ದಿನ ಬಗ್ಗೆ ಅನುಮಾನವಿದ್ದರೆ ಹೇಳಿ. ಭಾನುವಾರ ಸುತ್ತಿಗೆ ತಗೊಂಡು ಬರುತ್ತೇವೆ.