ನೆಂಟರ ಊಟಕ್ಕೆ ಬಾಳೆ ಎಲೆಯೋ, ಮುತ್ತುಗದ ಎಲೆಯೋ, ಅಡಿಕೆ ಹಾಳೆ ತಟ್ಟೆಯೋ, ಸ್ಟೀಲೋ?

ಕಳೆದ ಗೌರಿ ಹಬ್ಬದಿಂದ ಈಚೆಗೆ ನಮ್ಮ ಮೈಸೂರಿನ ಮನೆಯಲ್ಲಿ ಐದು ಸಲ ನೆಂಟರ ಊಟ ಆಯಿತು. ಪ್ರತಿ ಸಲವೂ 25ರಿಂದ 40 ಜನ. ಅಡುಗೆ ಹೆಚ್ಚುಕಡಿಮೆ ಒಂದೇ. ಕೋಸಂಬರಿ, ಹುರುಳಿಕಾಯಿ ಪಲ್ಯ, ಚಿತ್ರಾನ್ನ, ಅನ್ನ, ತೊವ್ವೆ, ಸಾರು, ಒಬ್ಬಟ್ಟು, ಪಾಯಸ, ಮೊಸರು. ಬದಲಾಗಿದ್ದು ಬಡಿಸುವ ಎಲೆ, ತಟ್ಟೆ ಮಾತ್ರ. ಮೊದಲೆರಡು ಸಲ ಅದು ಸುಮ್ನೆ ಹಾಗೇ ಆಯಿತು. ಆಮೇಲೆ ಬೇಕೆಂದೇ ಬದಲಾಯಿಸಿ ನೋಡಿದೆ. ನೋಡಿದ್ದನ್ನು ಅಡುಗೆಮನೆ ಕ್ಯಾಲೆಂಡರಿನ ಹಿಂದೆ ಬರೆದೂ ಇಟ್ಟೆ.

ನನಗೆ ಮುಖ್ಯ ಅನಿಸಿದ್ದು ಸಾರು. ಪಲ್ಯ, ಚಿತ್ರಾನ್ನ, ಒಬ್ಬಟ್ಟನ್ನು ಯಾವುದರ ಮೇಲೆ ಬಡಿಸಿದರೂ ನಡೆಯುತ್ತೆ. ಕುದಿಯೋ ಸಾರು ಅನ್ನದ ಮೇಲೆ ಬಿದ್ದಾಗಲೇ ಎಲೆಯ ಗುಣ ಗೊತ್ತಾಗೋದು. ಜೊತೆಗೆ, ಜನ ಕೂತು ಉಣ್ಣುತ್ತಾರೋ ನಿಂತು ಉಣ್ಣುತ್ತಾರೋ ಅನ್ನೋದನ್ನೂ ನೋಡಿದೆ. ಮಾರನೇ ದಿನ ಬೆಳಿಗ್ಗೆ ಆ ಎಲೆ, ತಟ್ಟೆ ಎಲ್ಲಿಗೆ ಹೋಯಿತು ಅಂತಲೂ ನೋಡಿದೆ.

ಕಾಗದದ ಎಲೆಯ ವಿಷಯ ಬೇಗ ಮುಗಿಸುತ್ತೇನೆ. ಬಾಳೆ ಎಲೆಯ ಹಾಗೆ ಹಸಿರು ಬಣ್ಣ, ಗೆರೆ ಎಲ್ಲ ಅಚ್ಚು ಹಾಕಿರುತ್ತಾರಲ್ಲ, ಅದು. ಮೈದುನನ ಮಗುವಿನ ನಾಮಕರಣಕ್ಕೆ ಅಡುಗೆಯವರೇ ತಂದಿದ್ದರು. ಬಿಸಿ ಅನ್ನ ಬಿದ್ದ ಕೂಡಲೇ ಮೇಲಿನ ಪದರ ಸುಕ್ಕಾಯಿತು. ಮೊಸರನ್ನ ಕಲೆಸುವಾಗ ಬೆರಳಿಗೆ ತೆಳ್ಳಗೆ ಏನೋ ಸಿಕ್ಕಿತು. ಎಳೆದು ನೋಡಿದರೆ ಪ್ಲಾಸ್ಟಿಕ್ ಹಾಳೆ. ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ತಟ್ಟೆ ಲೋಟ ನಿಷೇಧವಾಗಿದ್ದು 2016ರಲ್ಲಿ. 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧ ಇದೆ. ಆದರೂ ಕಾಗದಕ್ಕೆ ಅಂಟಿಕೊಂಡು ಅದು ನಮ್ಮ ಊಟದ ಪಂಕ್ತಿಗೇ ಬಂತು. ನನಗೆ ಭಯವಾಗಿದ್ದು ಹಸುವಿನ ವಿಷಯಕ್ಕೆ. ನಮ್ಮ ಬೀದಿಯಲ್ಲಿ ಉಂಡ ಎಲೆಯನ್ನು ಹಸುವಿಗೆ ಹಾಕುವ ರೂಢಿ ಇನ್ನೂ ಇದೆ. ಆವತ್ತು ಒಂದೊಂದೇ ಎಲೆ ಎಣಿಸಿ ಕಸದ ಗಾಡಿಗೆ ಕೊಟ್ಟೆ. ಅಡುಗೆಗೆ ಒಪ್ಪಿಸುವಾಗ ಎಲೆ ಯಾವುದು ಅಂತ ಮೊದಲೇ ಕೇಳಿಕೊಳ್ಳಿ. ಕೇಳದಿದ್ದರೆ ಬರುವುದು ಇದೇ.

ಇನ್ನು ಬಾಳೆ ಎಲೆ. ಗೌರಿ ಹಬ್ಬಕ್ಕೆ ದೇವರಾಜ ಮಾರ್ಕೆಟ್ಟಿನಿಂದ ತಂದೆ. ಉಳಿದ ದಿನ 4, 5 ರೂಪಾಯಿಗೆ ಸಿಗುವ ಕುಡಿ ಎಲೆಗೆ ಹಬ್ಬದ ಹಿಂದಿನ ದಿನ ದುಪ್ಪಟ್ಟು ಕೊಟ್ಟೆ. ಎರಡು ದಿನ ಮೊದಲೇ ತಂದರೆ ದುಡ್ಡು ಉಳಿಯುತ್ತೆ, ಎಲೆಯೂ ಕೆಡುವುದಿಲ್ಲ. ಸಡಿಲವಾಗಿ ಸುರುಳಿ ಸುತ್ತಿ, ಒದ್ದೆ ಪಂಚೆಯಲ್ಲಿ ಸುತ್ತಿ, ತಂಪಾದ ಮೂಲೆಯಲ್ಲಿ ನಿಲ್ಲಿಸಿ. ಕೊಳ್ಳುವಾಗ ಎಲೆಯ ಅಂಚನ್ನು ಮೆಲ್ಲಗೆ ಮಡಿಸಿ ನೋಡಿ. ತೀರಾ ಎಳೆಯದಾದರೆ ಬೆರಳ ಉಗುರಿಗೇ ಹರಿಯುತ್ತೆ. ಬಲಿತು ಹೋಗಿದ್ದರೆ ಮಡಿಸಿದ ಜಾಗದಲ್ಲಿ ಪಟ್ ಅಂತ ಸೀಳುತ್ತೆ. ಎರಡರ ನಡುವಿನದು ಬೇಕು.

ಎಲೆ ಒರೆಸುವುದಕ್ಕೂ ಒಂದು ಕ್ರಮ ಇದೆ. ಒದ್ದೆ ಬಟ್ಟೆಯನ್ನು ನಡುದಂಟಿನಿಂದ ಅಂಚಿನ ಕಡೆಗೆ, ಗೆರೆ ಹೋದ ದಾರಿಯಲ್ಲೇ ಎಳೆಯಬೇಕು. ಉದ್ದಕ್ಕೆ ಎಳೆದರೆ ಸೀಳು ಬಿಡುತ್ತೆ. ಮೇಜಿನ ಮೇಲೆ ಹಾಕುವುದಾದರೆ ಎಲೆ ಮಗುಚಿ, ದಂಟಿನ ಉಬ್ಬನ್ನು ಚಾಕುವಿನಿಂದ ತೆಳ್ಳಗೆ ಕೆತ್ತಿಬಿಡಿ. ಆಗ ಎಲೆ ಮೇಜಿಗೆ ಅಂಟಿದ ಹಾಗೆ ಕೂರುತ್ತೆ. 30 ಎಲೆಗೆ ನನಗೆ ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತು ಕೊಟ್ಟಿದ್ದು ಸಾರ್ಥಕ ಆಯಿತು.

ಸಾರಿನ ವಿಷಯಕ್ಕೆ ಬಂದರೆ ನೆಲದ ಪಂಕ್ತಿಗೂ ಮೇಜಿನ ಪಂಕ್ತಿಗೂ ತುಂಬಾ ವ್ಯತ್ಯಾಸ. ನೆಲದ ಮೇಲೆ ಕೂತ ಹಿರಿಯರು ಅನ್ನದ ನಡುವೆ ಹೆಬ್ಬೆರಳಲ್ಲಿ ಗುಂಡಿ ಮಾಡಿ ಕಾದರು. ಒಂದು ಹನಿ ಆಚೆ ಹೋಗಲಿಲ್ಲ. ಮೇಜಿನ ಮೇಲೆ ಉಂಡ ಮಕ್ಕಳ ಸಾರು ಎಲೆಯ ಗೆರೆ ಹಿಡಿದು ನೇರ ತೊಡೆಗೆ ಇಳಿಯಿತು. ಎರಡನೇ ಪಂಕ್ತಿಗೆ ಎಲೆಯನ್ನು ಮೇಜಿನ ಅಂಚಿನಿಂದ ನಾಲ್ಕು ಬೆರಳು ಒಳಗೆ ಹಾಕಿದೆವು. ಅನ್ನ ಬಡಿಸಿ, ಗುಂಡಿ ಆದ ಮೇಲೆ ಅರ್ಧ ಸೌಟು ಸಾರು ಹಾಕಿದೆವು. ಬೇಕಾದವರಿಗೆ ಇನ್ನೊಂದು ಸುತ್ತು. ತೊಂದರೆ ಅಲ್ಲಿಗೆ ನಿಂತಿತು. ಕುಡಿ ಎಡಕ್ಕೆ ಬರುವ ಹಾಗೆ ಎಲೆ ಹಾಕುವುದರ ಬೆಲೆಯೂ ಆವತ್ತು ಚೆನ್ನಾಗಿ ಕಾಣಿಸಿತು. ಅಗಲದ ಭಾಗ ಬಲಗೈ ಕಡೆ ಇದ್ದರೆ ಅನ್ನ ಕಲೆಸಲು ಜಾಗ ಜಾಸ್ತಿ. ಉಪ್ಪು, ಉಪ್ಪಿನಕಾಯಿಗೆ ಕಿರಿದಾದ ಕಡೆಯೇ ಸಾಕು.

ಬಿಸಿ ಅನ್ನ, ಅದರ ಮೇಲೆ ತುಪ್ಪ ಬಿದ್ದಾಗ ಬಾಳೆ ಎಲೆಯಿಂದ ಏಳುವ ಆ ಹಸಿ ಪರಿಮಳವನ್ನು ಬೇರೆ ಯಾವುದೂ ಕೊಡಲಿಲ್ಲ. ಉಂಡಾದ ಮೇಲೆ ಎಲೆ ಮಡಿಸಿ ಎತ್ತಲು ಐದು ನಿಮಿಷ ಸಾಕಾಯಿತು. ಅರ್ಧದಷ್ಟು ಪಕ್ಕದ ಬೀದಿಯ ಹಸುಗಳಿಗೆ ಹೋಯಿತು. ಉಳಿದದ್ದನ್ನು ತುಂಡು ಮಾಡಿ ತಾರಸಿಯ ಗೊಬ್ಬರದ ಡ್ರಮ್ಮಿಗೆ ಹಾಕಿದೆ. ಮೂರು ವಾರದಲ್ಲಿ ದಂಟು ಬಿಟ್ಟು ಬೇರೇನೂ ಗುರುತು ಸಿಗುತ್ತಿರಲಿಲ್ಲ. ಕೂತು ಉಣ್ಣುವ ಹಬ್ಬದ ಊಟಕ್ಕೆ ನನ್ನ ಆಯ್ಕೆ ಇದೇ. ಆದರೆ ನಿಂತು ಉಣ್ಣುವವರ ಕೈಗೆ ಬಾಳೆ ಎಲೆ ಕೊಡೋಕೆ ಆಗಲ್ಲ ಅಲ್ವಾ?

ಅಲ್ಲಿಗೆ ಅಡಿಕೆ ಹಾಳೆ ತಟ್ಟೆ ಸರಿ. ಮಾವನವರ 70ನೇ ಹುಟ್ಟುಹಬ್ಬವನ್ನು ತಾರಸಿಯಲ್ಲಿ ಮಾಡಿದೆವು. 40 ಜನ, ಕುರ್ಚಿ ಇದ್ದದ್ದು 15. ಉಳಿದವರು ನಿಂತೇ ಉಂಡರು. ಮರದಿಂದ ತಾನಾಗೇ ಬಿದ್ದ ಹಾಳೆಯನ್ನು ತೊಳೆದು, ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿ ಈ ತಟ್ಟೆ ಮಾಡುತ್ತಾರೆ. ಅಂಟು ಹಾಕುವುದಿಲ್ಲ. ಮಲೆನಾಡು, ಕರಾವಳಿಯ ಎಷ್ಟೋ ಊರುಗಳಲ್ಲಿ ಇದೊಂದು ಕಸುಬೇ ಆಗಿದೆ. 12 ಇಂಚಿನ ತಟ್ಟೆ ಒಂದು ಕೈಯಲ್ಲಿ ಗಟ್ಟಿಯಾಗಿ ನಿಲ್ಲುತ್ತೆ, ಬಾಗುವುದಿಲ್ಲ. ಸಾರು ಹಾಕಿದರೂ ಕೈಗೆ ಬಿಸಿ ತಾಗಲಿಲ್ಲ. ಅಂಚು ಎದ್ದಿರುವುದರಿಂದ ಎಲ್ಲೂ ಚೆಲ್ಲಲಿಲ್ಲ. ನಮ್ಮ ಮಾವ ಒಂದು ಗಂಟೆ ಮಾತಾಡುತ್ತಾ ಉಂಡರು. ತಟ್ಟೆಯ ತಳ ಸ್ವಲ್ಪ ಮೆತ್ತಗಾಗಿತ್ತು ಅಷ್ಟೆ, ಸೋರಿರಲಿಲ್ಲ. 10 ಇಂಚಿನದು ತಿಂಡಿಗೆ ಸರಿ, ಊಟಕ್ಕೆ ಸಾಲದು.

ಮಳೆಗಾಲದಲ್ಲಿ ಮಾತ್ರ ಇದನ್ನು ನೋಡಿ ಕೊಳ್ಳಬೇಕು. ನಾನು ತಂದ ಐದು ಕಟ್ಟಿನಲ್ಲಿ ಒಂದು ಕಟ್ಟು ಬಿಚ್ಚಿದರೆ ಮುಗ್ಗಲು ವಾಸನೆ. ತಟ್ಟೆಗಳ ನಡುವೆ ಬೂದುಬಣ್ಣದ ಬೂಷ್ಟು. ಮೇಲಿನ ತಟ್ಟೆ ಮಾತ್ರ ಚೆನ್ನಾಗಿತ್ತು. ಆಮೇಲಿಂದ ಅಂಗಡಿಯಲ್ಲೇ ಕಟ್ಟು ಬಿಚ್ಚಿಸಿ ನಡುವಿನ ತಟ್ಟೆಯನ್ನು ಮೂಸಿ ನೋಡುತ್ತೇನೆ. ಮನೆಗೆ ತಂದ ಮೇಲೆ ಒಂದು ಗಂಟೆ ಬಿಸಿಲಿಗೆ ಇಟ್ಟು, ಬಳಸುವ ಮುಂಚೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಇನ್ನೊಂದು ಮಾತೂ ಹೇಳಬೇಕು. 2025ರ ಮೇ ತಿಂಗಳಲ್ಲಿ ಅಮೆರಿಕದ ಎಫ್‌ಡಿಎ, ಅಂದರೆ ಅಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ, ಈ ತಟ್ಟೆಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು. ಅಡಿಕೆಯಲ್ಲಿರುವ ಕೆಲವು ಅಂಶ ತಟ್ಟೆಯಿಂದ ಊಟಕ್ಕೆ ಇಳಿಯಬಹುದು ಅನ್ನುವುದು ಅವರ ಮಾತು. ವರ್ಷಕ್ಕೆ ಒಂದೆರಡು ಸಲದ ಊಟಕ್ಕೆ ನಾನು ಇದನ್ನು ಬಿಡುವುದಿಲ್ಲ. ದಿನಾ ಬಳಸುವುದಿಲ್ಲ, ಪುಟ್ಟ ಮಕ್ಕಳಿಗೆ ಇದರಲ್ಲಿ ಕೊಡುವುದಿಲ್ಲ. ಗೊಬ್ಬರದ ಡ್ರಮ್ಮಿನಲ್ಲಿ ಇದು ನಿಧಾನ. ಇಡೀ ತಟ್ಟೆ ಹಾಕಿದ್ದು ಮೂರು ತಿಂಗಳಾದರೂ ಗಟ್ಟಿಯಾಗಿತ್ತು. ನೀರಲ್ಲಿ ನೆನೆಸಿ ಹರಿದು ಹಾಕಿದ್ದು ಬೇಗ ಕರಗಿತು.

ಈ ಐದರಲ್ಲಿ ನನ್ನ ಮನಸ್ಸು ಪೂರ್ತಿ ಗೆದ್ದದ್ದು ಮುತ್ತುಗದ ಎಲೆ. ನಮ್ಮ ಕಡೆ ಇಸ್ತ್ರಿ ಎಲೆ ಅಂತಾರೆ, ಉತ್ತರ ಕರ್ನಾಟಕದವರಿಗೆ ಪತ್ರೋಳಿ. ಯುಗಾದಿಗೆ ಅತ್ತೆಯ ತವರೂರಿನಿಂದ ಕೈಯಲ್ಲಿ ಹಚ್ಚಿದ 60 ಎಲೆ ಬಂದವು. ಮುತ್ತುಗದ ಗಿಡದಲ್ಲಿ ಎಲೆಗಳು ಮೂರು ಮೂರು ಒಟ್ಟಿಗೆ ಬರುತ್ತವೆ, ಅಗಲವಾಗಿ, ಚರ್ಮದ ಹಾಗೆ ದಪ್ಪಗೆ. ಅತ್ತೆ ಒಂದು ಹಚ್ಚಿ ತೋರಿಸಿದರು. ದೊಡ್ಡ ಎಲೆ ನಡುವೆ ಇಟ್ಟರು. ಸುತ್ತ ಒಂದರ ಮೇಲೊಂದು ಅರ್ಧ ಬರುವ ಹಾಗೆ ಜೋಡಿಸಿದರು. ಹಂಚಿಕಡ್ಡಿಯನ್ನು ಮೇಲಿಂದ ಚುಚ್ಚಿ, ಕೆಳಗಿಂದ ಮತ್ತೆ ಮೇಲಕ್ಕೆ ತಂದು, ಹೆಬ್ಬೆರಳ ಉಗುರಲ್ಲಿ ಚಿಟಕ್ ಅಂತ ಮುರಿದರು. ಕಡ್ಡಿಯ ತುದಿ ಎಲೆಯೊಳಗೇ ಅಡಗಿತು. ಉಣ್ಣುವವರ ಬೆರಳಿಗೆ ಚುಚ್ಚಬಾರದು, ಅದಕ್ಕೇ ಆ ಎಚ್ಚರ. ಅವರ ಕೈಗೆ ಒಂದು ಎಲೆ ಎರಡು ನಿಮಿಷದ ಕೆಲಸ. ನನ್ನದು ಹತ್ತು ನಿಮಿಷ ಆದರೂ ದುಂಡಗಾಗಲಿಲ್ಲ.

ಒಣಗಿದ ಎಲೆ ಕಟ್ಟು ಬಿಚ್ಚಿದಾಗ ಹಪ್ಪಳದ ಹಾಗೆ ಇತ್ತು. ನಾನು ಹಾಗೇ ಹಾಸಲು ಹೊರಟೆ. "ನೀರು ಚಿಮುಕಿಸಿ ಮುಚ್ಚಿಡಮ್ಮಾ, ಅರ್ಧ ಗಂಟೆ ತಾಳು" ಅಂದರು ಅತ್ತೆ. ಅರ್ಧ ಗಂಟೆಯಲ್ಲಿ ಎಲೆ ಮೆತ್ತಗಾಗಿ, ಬಾಗಿಸಿದರೂ ಮುರಿಯದ ಹಾಗೆ ಆಯಿತು. ಬಿಸಿ ಒಬ್ಬಟ್ಟು, ತುಪ್ಪ ಬಿದ್ದಾಗ ಬಂದದ್ದು ಒಣ ಎಲೆಯ, ಬೇಸಿಗೆಯ ವಾಸನೆ. ಬಾಳೆ ಎಲೆಯದಕ್ಕಿಂತ ಬೇರೆ, ಆದರೆ ಅಷ್ಟೇ ಹಿತ.

ಸಾರಿನಲ್ಲಿ ಮಾತ್ರ ಒಂದು ಅನಾಹುತ ಆಯಿತು. ಮೊದಲ ಪಂಕ್ತಿಯಲ್ಲಿ ಚಿಕ್ಕತ್ತೆಯ ಎಲೆಯ ಹೊಲಿಗೆಯಲ್ಲಿ ಸಂದು ಇತ್ತು. ಸಾರು ಕೆಳಗಿಳಿದು ರೇಷ್ಮೆ ಸೀರೆಯ ಅಂಚು ನೆನೆಯಿತು. ಅವರು ಏನೂ ಅನ್ನಲಿಲ್ಲ, ನನಗೆ ಮಾತ್ರ ಊಟ ಸೇರಲಿಲ್ಲ. ಎರಡನೇ ಪಂಕ್ತಿಗೆ ಒಬ್ಬೊಬ್ಬರಿಗೆ ಎರಡೆರಡು ಎಲೆ ಹಾಕಿದೆವು. ಮೇಲಿನದನ್ನು ಕಾಲು ಸುತ್ತು ತಿರುಗಿಸಿ ಇಟ್ಟೆವು. ಹಾಗೆ ಮಾಡಿದರೆ ಮೇಲಿನ ಸಂದಿಗೆ ಕೆಳಗಿನ ಎಲೆ ಅಡ್ಡ ಬರುತ್ತೆ. ಪಾಯಸವನ್ನು ದೊನ್ನೆಯಲ್ಲಿ ಕೊಟ್ಟೆವು. ಆಮೇಲೆ ಒಂದು ಹನಿಯೂ ಸೋರಲಿಲ್ಲ. ಎಲೆ 3 ರೂಪಾಯಿ ಬಿದ್ದಿದ್ದರಿಂದ ಎರಡು ಹಾಕಿದರೂ ಹಬ್ಬದ ಬಾಳೆ ಎಲೆಗಿಂತ ಅಗ್ಗ. ಉಳಿದ ಎಲೆ ಕಬ್ಬಿಣದ ಪೆಟ್ಟಿಗೆಯ ಕೆಳಗೆ ಚಪ್ಪಟೆಯಾಗಿ ಇನ್ನೂ ಹಾಗೇ ಇವೆ. ಬಾಳೆ ಎಲೆಗೆ ಈ ಗುಣ ಇಲ್ಲ.

ಪೇಟೆಯಲ್ಲಿ ಕೊಳ್ಳುವಾಗ ಹಿಂಬದಿ ತಿರುಗಿಸಿ ನೋಡಿ. ಯಂತ್ರದಲ್ಲಿ ಒತ್ತಿದ ಎಲೆಯ ಹಿಂದೆ ಕೆಲವರು ಪ್ಲಾಸ್ಟಿಕ್ ಹಾಳೆ ಅಂಟಿಸಿ, ಮೇಲೆ ಮಾತ್ರ ಮುತ್ತುಗ ಇಟ್ಟಿರುತ್ತಾರೆ. ಒಂದು ಅಂಗಡಿಯಲ್ಲಿ ನನಗೂ ಅದನ್ನೇ ಕೊಟ್ಟಿದ್ದರು. ವಾಪಸ್ ಕೊಟ್ಟು ಬಂದೆ.

ಸಂಕ್ರಾಂತಿಗೆ ಸ್ಟೀಲ್ ತಟ್ಟೆ. ಶಾಮಿಯಾನ ಅಂಗಡಿಯಿಂದ ಬಾಡಿಗೆಗೆ ತಂದ 30 ತಟ್ಟೆ. ಖಾನೆ ಇರುವ ತಟ್ಟೆ ತಂದಿದ್ದು ತಪ್ಪಾಯಿತು. ಅನ್ನ ಕಲೆಸುವ ಖಾನೆ ಅಂಗೈಯಷ್ಟೇ ಇತ್ತು. ಸಾರನ್ನ ಪಲ್ಯಕ್ಕೂ, ಮೊಸರು ಉಪ್ಪಿನಕಾಯಿಗೂ ಹರಿಯಿತು. ಖಾನೆ ಇಲ್ಲದ, ಅಂಚು ಎತ್ತರವಿರುವ ಗಂಗಾಳವೇ ಸರಿ. ಸಾರಿಗೆ ಅದರಷ್ಟು ಭದ್ರ ಬೇರೆ ಇಲ್ಲ. ತೊಡೆಯ ಮೇಲೆ ಇಟ್ಟುಕೊಂಡರೆ ಮಾತ್ರ ಸುಡುತ್ತೆ, ಮೇಜು ಬೇಕು.

ತೊಳೆಯೋದೇ ಇದರ ಕಷ್ಟ. ನಾನು, ನಾದಿನಿ ಸೇರಿ 30 ತಟ್ಟೆಗೆ 50 ನಿಮಿಷ ತೆಗೆದುಕೊಂಡೆವು. ಒಬ್ಬಟ್ಟಿನ ತುಪ್ಪ ತಣ್ಣೀರಿಗೆ ಬಿಡಲೇ ಇಲ್ಲ. ಮುಂದಿನ ಸಲ ದಾರಿ ಬದಲಾಯಿಸಿದೆ. ಉಂಡವರು ಉಳಿದದ್ದನ್ನು ಬಕೆಟ್ಟಿಗೆ ಬಳಿದು, ತಟ್ಟೆಯನ್ನು ಬಿಸಿನೀರಿನ ಟಬ್ಬಿಗೆ ತಾವೇ ಇಳಿಸುತ್ತಾರೆ. ಎರಡನೇ ಟಬ್ಬಿನಲ್ಲಿ ಸೋಪು, ಮೂರನೆಯದರಲ್ಲಿ ಬರೀ ನೀರು. 20 ನಿಮಿಷದಲ್ಲಿ ಮುಗಿಯಿತು, ನೀರೂ ಅರ್ಧ ಉಳಿಯಿತು.

ಬೆಂಗಳೂರಿನಲ್ಲಿ ಅದಮ್ಯ ಚೇತನ ಸಂಸ್ಥೆ ಸಮಾರಂಭಗಳಿಗೆ ಸ್ಟೀಲ್ ತಟ್ಟೆ ಲೋಟ ಕೊಡುವ ಪ್ಲೇಟ್ ಬ್ಯಾಂಕ್ ನಡೆಸುತ್ತೆ. ಅದನ್ನು ಕೇಳಿ ನಮ್ಮ ಬೀದಿಯ ಐದು ಮನೆಯವರು ದುಡ್ಡು ಹಾಕಿ 40 ಗಂಗಾಳ, 40 ಲೋಟ, ಮೂರು ಟಬ್ಬು ಕೊಂಡೆವು. ಎಲ್ಲ ನಮ್ಮ ಮನೆಯ ಮಹಡಿ ಮೆಟ್ಟಿಲಿನ ಕೆಳಗೆ, ಟ್ರಂಕಿನಲ್ಲಿ ಇವೆ. ಒಯ್ದವರು ತೊಳೆದು, ಬಿಸಿಲಿಗೆ ಒಣಗಿಸಿ, ಎಣಿಸಿ ತಂದಿಡಬೇಕು. ಈವರೆಗೆ ಮೂರು ಮನೆಯ ಊಟಕ್ಕೆ ಹೋಗಿ ಬಂದಿವೆ. ಒಂದು ಲೋಟ ಕಡಿಮೆಯಾಗಿತ್ತು. ಎರಡು ದಿನ ಬಿಟ್ಟು ಮೂಲೆಮನೆ ಅಜ್ಜಿ ಅದನ್ನು ಹುಡುಕಿ, ಒಳಗೆ ಒಂದು ಹಿಡಿ ಕಲ್ಲುಸಕ್ಕರೆ ಹಾಕಿ ಕೊಟ್ಟು ಹೋದರು.