ಮ್ಯಾಪ್ ಮೇಲಿನ ಪರದೆ ಮತ್ತು ‘ಬಾಕ್ಸ್-ನನ್’: ರಿಯಾಕ್ಟ್ ನೇಟಿವ್‌ನ ಒಂದು ಪ್ರಾಪ್‌ನ ವಿಮರ್ಶೆ

ಶಿವಮೊಗ್ಗದ ವಿನೋಬನಗರದಲ್ಲಿ ಮನೆಯಲ್ಲೇ ಕೂತು ಆ್ಯಪ್ ಬರೆಯುವವಳು ನಾನು. ಈ ಸಲ ಕೈಯಲ್ಲಿದ್ದದ್ದು ಶಾಲಾ ವ್ಯಾನ್ ಎಲ್ಲಿದೆ ಅಂತ ತೋರಿಸುವ ಆ್ಯಪ್. ಕೆಳಗೆ ಮ್ಯಾಪ್, ಅದರ ಮೇಲೆ ಹೆಚ್ಚುಕಡಿಮೆ ಪೂರ್ತಿ ಹಾಸಿದ ಒಂದು ಪದರ. ಪದರದ ತಲೆಯಲ್ಲಿ ಮಗುವಿನ ಹೆಸರು, ಬುಡದಲ್ಲಿ ‘ಡ್ರೈವರ್‌ಗೆ ಕರೆ’ ಬಟನ್. ಬಿಳಿ ಅಕ್ಷರ ಎದ್ದು ಕಾಣಲಿ ಅಂತ ಪದರಕ್ಕೆ ತೆಳುವಾಗಿ ಕಪ್ಪು ಛಾಯೆ ಕೊಟ್ಟಿದ್ದೆ.

ಮೊದಲು ಕೈಗೆ ತಗೊಂಡಿದ್ದು ನಮ್ಮ ಅತ್ತಿಗೆ. ಎರಡು ಸಲ ಬೆರಳಾಡಿಸಿ, “ಏನೇ ಇದು, ಮ್ಯಾಪಿನ ಫೋಟೋ ಹಾಕಿಟ್ಟಿದ್ದೀಯಾ? ಅಲ್ಲಾಡ್ತಾನೇ ಇಲ್ವಲ್ಲ” ಅಂದರು.

ಫೋನ್ ಈಸ್ಕೊಂಡು ನೋಡಿದೆ. ನಡುವೆ ಎಳೆದರೆ ಮ್ಯಾಪ್ ಕದಲಲ್ಲ. ಪರದೆಯ ತೀರಾ ಕೆಳಗಿನ ಅಂಚಿನಲ್ಲಿ, ಕಡ್ಡಿಯಷ್ಟು ಜಾಗದಲ್ಲಿ ಎಳೆದರೆ ಮಾತ್ರ ಗೋಪಿ ಸರ್ಕಲ್ ಸರ್ರನೆ ಪಕ್ಕಕ್ಕೆ ಹೋಗುತ್ತೆ. ಪದರದ ಬಣ್ಣವನ್ನು ಕೆಂಪಿಗೆ ಬದಲಾಯಿಸಿದೆ. ಕೆಂಪು ಎಲ್ಲಿ ಮುಗಿಯಿತೋ ಸರಿಯಾಗಿ ಅಲ್ಲಿಂದ ಮ್ಯಾಪ್‌ಗೆ ಜೀವ ಬರುತ್ತಿತ್ತು. ಕಣ್ಣಿಗೆ ಕೆಳಗಿನದೆಲ್ಲ ಕಾಣುತ್ತೆ, ಬೆರಳಿಗೆ ಮಾತ್ರ ಗಾಜು ಅಡ್ಡ.

ಇದಕ್ಕೆ ರಿಯಾಕ್ಟ್ ನೇಟಿವ್ (ಒಂದೇ ಕೋಡಿನಲ್ಲಿ ಐಫೋನ್, ಆಂಡ್ರಾಯ್ಡ್ ಎರಡಕ್ಕೂ ಆ್ಯಪ್ ಬರೆಯುವ ಸಾಧನ) ಕೊಡೋದು ‘ಪಾಯಿಂಟರ್‌ಈವೆಂಟ್ಸ್’ ಅನ್ನೋ ಪ್ರಾಪ್, ಅಂದರೆ ವ್ಯೂಗೆ (ಪರದೆಯ ಮೇಲಿನ ಒಂದು ಡಬ್ಬಿಗೆ) ಬರೆಯುವ ಸೆಟ್ಟಿಂಗ್; ಟಚ್ ಯಾರಿಗೆ ಸೇರಬೇಕು ಅಂತ ಇದು ಹೇಳುತ್ತೆ. ಅದರಲ್ಲಿ ನಾಲ್ಕೇ ಆಯ್ಕೆ. ‘ಆಟೋ’ ಅಂದರೆ ಎಂದಿನಂತೆ. ‘ನನ್’ ಅಂದರೆ ಈ ವ್ಯೂ, ಅದರ ಒಳಗಿರುವ ಎಲ್ಲವೂ ಟಚ್ ಬಿಟ್ಟುಕೊಡುತ್ತವೆ. ‘ಬಾಕ್ಸ್-ಓನ್ಲಿ’ಯಲ್ಲಿ ವ್ಯೂ ಮಾತ್ರ ಟಚ್ ತಗೊಳ್ಳುತ್ತೆ, ಅದರ ‘ಮಕ್ಕಳಿಗೆ’ (ಒಳಗಿರುವ ವ್ಯೂಗಳಿಗೆ) ಸಿಗಲ್ಲ. ‘ಬಾಕ್ಸ್-ನನ್’ ಇದರ ತಿರುವುಮುರುವು: ವ್ಯೂ ಪಕ್ಕಕ್ಕೆ ಸರಿಯುತ್ತೆ, ಒಳಗಿನ ಮಕ್ಕಳಿಗೆ ಟಚ್ ಸಿಗುತ್ತೆ. ನನಗೆ ಬೇಕಿದ್ದದ್ದು ಇದೇ. ಛಾಯೆ ಹಾಗೇ ಉಳಿಯಿತು, ಬಟನ್ ಒತ್ತಿದರೆ ಕರೆ ಹೋಯಿತು, ಬರೀ ಜಾಗದಲ್ಲಿ ಎಳೆದರೆ ಮ್ಯಾಪ್ ಓಡಾಡಿತು. ಐಫೋನ್‌ಗೆ ಆಪಲ್‌ನ ಸ್ವಿಫ್ಟ್ ಭಾಷೆಯಲ್ಲಿ ಇದನ್ನೇ ಮಾಡಬೇಕಾದರೆ ಟಚ್ ಯಾವ ವ್ಯೂಗೆ ಬಿತ್ತು ಅಂತ ಹುಡುಕುವ ಹಿಟ್‌ಟೆಸ್ಟ್ ಫಂಕ್ಷನ್ ಅನ್ನು ನಾವೇ ಬದಲಿಸಿ ಬರೆದು, ಸಿಕ್ಕಿದ್ದು ಆ ಪದರವೇ ಆಗಿದ್ದರೆ ‘ನಿಲ್’ (ಏನೂ ಇಲ್ಲ) ಅಂತ ವಾಪಸ್ ಕೊಡಬೇಕು. ಇಲ್ಲಿ ಒಂದು ಪದಕ್ಕೆ ಐಫೋನ್, ಆಂಡ್ರಾಯ್ಡ್ ಎರಡೂ ಕಡೆಯ ಕೆಲಸ ಮುಗಿಯುತ್ತೆ. ಈ ನಾಲ್ಕರಲ್ಲಿ ನಾನು ಮನಸಾರೆ ಮೆಚ್ಚಿದ್ದು ಇದನ್ನೇ.

ಕೊರತೆಯೂ ಇದೆ. ಬಾಕ್ಸ್-ನನ್ ಅನ್ವಯಿಸೋದು ಅದನ್ನು ಬರೆದ ಒಂದೇ ವ್ಯೂಗೆ. ಅದರೊಳಗೆ ಪೂರ್ತಿ ಹರಡಿಕೊಂಡ ಇನ್ನೊಂದು ಡಬ್ಬಿ ಇದ್ದರೆ, ಟಚ್ ಅಲ್ಲಿ ಮತ್ತೆ ಸಿಕ್ಕಿಹಾಕಿಕೊಳ್ಳುತ್ತೆ. ಅಲೈನ್‌ಮೆಂಟ್‌ಗೆ ಅಂತ ಹಾಕಿದ್ದ ಒಂದು ಮಧ್ಯದ ವ್ಯೂ ನನ್ನ ಅರ್ಧ ದಿನ ತಿಂದಿತು. ಅದಕ್ಕೂ ಬಣ್ಣ ಬಳಿದ ಮೇಲೇ ಸಿಕ್ಕಿಬಿದ್ದದ್ದು. ಹೆಸರಂತೂ ಹೊಸಬರಿಗೆ ಏನೂ ಹೇಳಲ್ಲ; ಬಾಕ್ಸ್-ಓನ್ಲಿ, ಬಾಕ್ಸ್-ನನ್ ಎರಡನ್ನೂ ಅದಲುಬದಲು ಮಾಡಿಕೊಳ್ಳೋದು ತುಂಬಾ ಸುಲಭ. ಮೋಡಲ್ (ಪರದೆಯ ಮೇಲೆ ತೆರೆದುಕೊಳ್ಳುವ ಪಾಪ್‌ಅಪ್) ಬಳಸಿದ್ದರೆ ಈ ಪ್ರಾಪ್ ಆಸೆ ಬಿಡಿ. ಮೋಡಲ್ ತೆರೆಯೋದು ಆ್ಯಪ್‌ನ ಪರದೆಯಿಂದ ಬೇರೆಯಾಗಿ, ಅದನ್ನು ದಾಟಿ ಟಚ್ ಕೆಳಗಿನ ಪರದೆಗೆ ಇಳಿಯಲ್ಲ. ಕೆಳಗೆ ಟಚ್ ಹೋಗಬೇಕು ಅಂದರೆ ಪೊಸಿಷನ್ ‘ಅಬ್ಸೊಲ್ಯೂಟ್’ ಇಟ್ಟು ಬೇರೆಯದರ ಮೇಲೆ ಕೂರಿಸಿದ ಮಾಮೂಲಿ ವ್ಯೂನೇ ಗತಿ.

ಇನ್ನೊಂದು ತಪ್ಪು ನನ್ನದೇ. ಮ್ಯಾಪ್ ಸರಿಹೋದ ಖುಷಿಯಲ್ಲಿ ‘ಕಳಿಸಲಾಗುತ್ತಿದೆ’ ಅಂತ ಸುತ್ತುವ ಚಕ್ರದ ಪದರಕ್ಕೂ ‘ನನ್’ ಬರೆದುಬಿಟ್ಟೆ. ನೆಟ್ ನಿಧಾನ ಇತ್ತು. ಚಕ್ರ ಸುತ್ತುತ್ತಿರುವಾಗಲೇ ಅತ್ತಿಗೆ ಕೆಳಗಿನ ‘ನಾಳೆ ಮಗು ಬರಲ್ಲ’ ಬಟನ್ ಇನ್ನೊಮ್ಮೆ ಒತ್ತಿದರು, ಡ್ರೈವರ್‌ಗೆ ಎರಡು ಸಂದೇಶ ಹೋಯಿತು. ಅಲ್ಲಿ ಟಚ್ ತಡೆಯೋದೇ ಪದರದ ಕೆಲಸ. ‘ಆಟೋ’ಗೆ ವಾಪಸ್ ತಂದೆ. ಹಾಗಾಗಿ ಈಗ ಒಂದೊಂದು ಪದರಕ್ಕೂ ಕೇಳಿಕೊಳ್ಳುತ್ತೇನೆ, ಇದು ನೋಡೋಕೆ ಇರೋದಾ, ತಡೆಯೋಕೆ ಇರೋದಾ ಅಂತ.

ಒಂದು ಮಾತು ಸ್ಪಷ್ಟ ಇರಲಿ: ಈ ಪ್ರಾಪ್ ನಿಮ್ಮ ಆ್ಯಪ್ ಒಳಗೆ ಮಾತ್ರ. ಬೇರೆ ಆ್ಯಪ್‌ಗಳ ಮೇಲೆ ತೇಲುವ ಪರದೆ ಮಾಡುವವರು ಆಂಡ್ರಾಯ್ಡ್‌ನ ವಿಂಡೋ ಫ್ಲ್ಯಾಗ್‌ಗಳ (ತೇಲುವ ಕಿಟಕಿ ಹೇಗೆ ನಡೆದುಕೊಳ್ಳಬೇಕು ಅಂತ ಹೇಳುವ ಸೆಟ್ಟಿಂಗ್‌ಗಳ) ಕಡೆ ಹೋಗಬೇಕು. ಅಲ್ಲೂ 2021ರ ಆಂಡ್ರಾಯ್ಡ್ 12ರಿಂದ ಬಿಗಿ ಇದೆ: ಟಚ್ ದಾಟಿಸುವ ಅಂಥ ಪರದೆಯ ಅಪಾರದರ್ಶಕತೆ (ಪೂರ್ತಿ ಮುಚ್ಚಿದರೆ 1) 0.8 ಮೀರಿದರೆ ಕೆಳಗಿನ ಆ್ಯಪ್‌ಗೆ ಟಚ್ ತಲುಪಲ್ಲ. ಒಂದು ತೋರಿಸಿ ಇನ್ನೊಂದನ್ನು ಒತ್ತಿಸಿಕೊಳ್ಳುವ ಮೋಸ ತಡೆಯೋಕೆ ಈ ಕಟ್ಟಳೆ, ನನಗೆ ಪೂರ್ತಿ ಒಪ್ಪಿಗೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಹಿಡಿದಿದ್ದು ಆ ಹೆಸರಿಗೆ. ಅತ್ತಿಗೆ ಈಗ ಸಂಜೆ ನಾಲ್ಕಕ್ಕೆ ಗೇಟಿನ ಹತ್ತಿರ ನಿಂತು ಎರಡು ಬೆರಳಲ್ಲಿ ಮ್ಯಾಪ್ ಹಿಗ್ಗಿಸಿ, ವ್ಯಾನ್ ಯಾವ ಕ್ರಾಸ್‌ಗೆ ಬಂತು ಅಂತ ನೋಡ್ತಾರೆ. ಮೇಲೆ ಮಗನ ಹೆಸರು ಇದ್ದಲ್ಲೇ ಇರುತ್ತೆ.