ಮೆಟ್ಯಾಲಿಕ್ ಸೂಜಿ ಎರಡೂವರೆ ವರ್ಷ ಬಳಸಿದ ಮೇಲೆ: ಜರಿ ದಾರ ತುಂಡಾಗುವುದು ನಿಂತಿತಾ?

ಪೂರ್ತಿ ನಿಂತಿಲ್ಲ. ಆದರೆ ಜರಿ ದಾರಕ್ಕೆಂದೇ ಮಾಡಿದ ಈ ಮಷಿನ್ ಸೂಜಿ ಬಂದ ಮೇಲೆ, ಒಂದು ಬ್ಲೌಸಿನ ಕುತ್ತಿಗೆ ಮುಗಿಸುವಷ್ಟರಲ್ಲಿ ಹತ್ತು ಹನ್ನೆರಡು ಸಲ ದಾರ ಪೋಣಿಸುತ್ತಿದ್ದವಳು ಈಗ ಒಂದೇ ಸಲಕ್ಕೆ ಮುಗಿಸುತ್ತೇನೆ, ಅಪರೂಪಕ್ಕೆ ಎರಡು.

ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಗುಳೇದಗುಡ್ಡದ ಖಣದ ಬ್ಲೌಸಿಗೆ ಕುತ್ತಿಗೆ ಸುತ್ತ, ತೋಳಿನ ಅಂಚಿಗೆ ಬಂಗಾರದ ಬಣ್ಣದ ಹೊಲಿಗೆ ಕೇಳುವವರು ಜಾಸ್ತಿ. ಮೊದಲು ಮಾಮೂಲಿ 14 ನಂಬರ್ ಸೂಜಿಯಲ್ಲೇ ಹಾಕುತ್ತಿದ್ದೆ. ನಾಲ್ಕು ಬೆರಳಿನಷ್ಟು ಹೊಲಿಯುವುದರೊಳಗೆ ಸೂಜಿ ಕಣ್ಣಿನ ಮೇಲೆ ಗಂಟು ಕಟ್ಟಿದ ಹಾಗೆ ಕಾಣುತ್ತಿತ್ತು. ಬಗ್ಗಿ ನೋಡಿದರೆ ಅದು ಗಂಟಲ್ಲ. ದಾರದ ಮೇಲಿನ ಹೊಳೆಯುವ ಪಟ್ಟಿ ಸುಲಿದು, ಸುರುಳಿ ಸುರುಳಿಯಾಗಿ ಒಂದೇ ಕಡೆ ಗುಡ್ಡೆಯಾಗಿದೆ, ಒಳಗಿನ ಬಿಳಿ ಎಳೆ ಬರಿದಾಗಿ ನಿಂತಿದೆ. ಇನ್ನೆರಡು ಹೊಲಿಗೆ, ಟಕ್ ಅಂತ ತುಂಡು. ತುಂಡಾಗದಿದ್ದರೂ ಕೆಲಸ ಕೆಟ್ಟ ಹಾಗೇ. "ಅಕ್ಕಾ, ಇಲ್ಲಿ ದಾರ ಯಾಕೆ ಬೆಳ್ಳಗೆ ಕಾಣ್ತಿದೆ?" ಅಂತ ಒಬ್ಬ ಮದುಮಗಳು ಕೇಳಿದಾಗ ತುಂಬಾ ನೋವಾಯಿತು, ಇಡೀ ಸುತ್ತು ಬಿಚ್ಚಿ ಮತ್ತೆ ಹಾಕಿಕೊಟ್ಟೆ.

ಈ ದಾರದಲ್ಲಿ ನೈಲಾನ್ ಅಥವಾ ಪಾಲಿಯೆಸ್ಟರ್ ಎಳೆಯ ಮೇಲೆ ಲೋಹದ ಲೇಪ ಇರುವ ತೆಳ್ಳನೆ ಪಟ್ಟಿ ಸುತ್ತಿರುತ್ತಾರೆ. ದಾರ ಬಟ್ಟೆಗೆ ಸೇರುವ ಮೊದಲು ಅದರ ಒಂದೊಂದು ಭಾಗವೂ ಸೂಜಿ ಕಣ್ಣಲ್ಲಿ ಹತ್ತಾರು ಸಲ ಹಿಂದೆ ಮುಂದೆ ಉಜ್ಜಿಕೊಳ್ಳುತ್ತದೆ. ಮಾಮೂಲಿ ದಾರ ತಡೆದುಕೊಳ್ಳುತ್ತದೆ, ಇದಕ್ಕೆ ಆಗುವುದಿಲ್ಲ. ಮೆಟ್ಯಾಲಿಕ್ ಸೂಜಿಯ ಕಣ್ಣು ಸುಮಾರು 2 ಮಿ.ಮೀ. ಉದ್ದ ಇರುವುದರಿಂದ ಉಜ್ಜುವುದು ಕಡಿಮೆ. ಪ್ಯಾಕೆಟ್ ಮೇಲೆ 130/705 ಎಚ್ ಮೆಟ್ ಅಂತ ಇರುತ್ತದೆ, ಮನೆಯ ಜಿಗ್‌ಜ್ಯಾಗ್ ಮಷಿನ್‌ಗೆ ಕೂರುತ್ತದೆ. ನಾನು ಬಳಸುವುದು 90/14, ಅಂದರೆ ದಪ್ಪ ಅದೇ 14 ನಂಬರ್.

ಇಷ್ಟಾದರೂ ಮೊದಲ ವಾರ ಬೇಜಾರೇ ಆಗಿತ್ತು. ಸೂಜಿ ಬದಲಾಯಿಸಿದ್ದೇನೆ, ದಾರ ಮಾತ್ರ ತುಂಡಾಗುತ್ತಲೇ ಇದೆ. ಒಂದು ದಿನ ಮಷಿನ್ ನಿಲ್ಲಿಸಿ ಸುಮ್ನೆ ನೋಡುತ್ತಾ ಕೂತಾಗ ಗೊತ್ತಾಯಿತು. ರೀಲಿಗೂ ಮೊದಲ ಕೊಕ್ಕೆಗೂ ನಡುವೆ ದಾರ ಹುರಿಗೊಂಡು ಕುಣಿಕೆ ಕುಣಿಕೆಯಾಗಿ ಬರುತ್ತಿದೆ! ನನ್ನ ಮಷಿನ್‌ನಲ್ಲಿ ರೀಲ್ ಮಲಗಿರುತ್ತದೆ, ದಾರ ತುದಿಯಿಂದ ಜಾರಿ ಬರುತ್ತದೆ. ಹಾಗೆ ಬಂದರೆ ಒಂದೊಂದು ಸುತ್ತಿಗೂ ಒಂದೊಂದು ಹುರಿ ಸೇರುತ್ತದೆ. ಸಾಲಾಗಿ ನೇರ ಸುತ್ತಿದ ರೀಲನ್ನು ನೆಟ್ಟಗೆ ನಿಲ್ಲಿಸಿ, ರೀಲೇ ತಿರುಗುವ ಹಾಗೆ ಮಾಡಬೇಕು. ರಿಬ್ಬನ್ನಿನ ಹಾಗೆ ಚಪ್ಪಟೆ ಇರುವ ದಾರಕ್ಕಂತೂ ಇದು ಬೇಕೇ ಬೇಕು. ಅಡ್ಡಡ್ಡ ಸುತ್ತಿದ್ದು ಮಾತ್ರ ಮೇಲಿನಿಂದ ಬರಬೇಕು. ಅದಕ್ಕೊಂದು ಸ್ಟ್ಯಾಂಡ್ ತಗೊಂಡು ಮಷಿನ್ ಹಿಂದೆ ಒಂದು ಮೊಳ ದೂರ ಇಟ್ಟೆ. ದಾರಿಯಲ್ಲೇ ಹುರಿ ಸಡಿಲವಾಗುತ್ತದೆ. ನನ್ನ ಮಟ್ಟಿಗೆ ಸೂಜಿಯಷ್ಟೇ ದೊಡ್ಡ ಬದಲಾವಣೆ ಇದರಿಂದ ಆಯಿತು.

ಮೇಲಿನ ದಾರದ ಟೆನ್ಶನ್, ಅಂದರೆ ಬಿಗಿತ, 4ರಿಂದ 2ಕ್ಕೆ ಇಳಿಸಿದ್ದೇನೆ. ಹೊಲಿಗೆ ಉದ್ದ 3ರಿಂದ 3.5 ಮಿ.ಮೀ. ಒಳಗೆ, ಕೆಳಗಿನ ದಾರದ ಬಾಬಿನ್‌ಗೆ ಸಣ್ಣ ಪಾಲಿಯೆಸ್ಟರ್ ದಾರ. ವೇಗ ಮಾತ್ರ ಯಾವತ್ತೂ ಜಾಸ್ತಿ ಮಾಡುವುದಿಲ್ಲ.

ಕುಚ್ಚು, ಆರಿ ಕೆಲಸಕ್ಕೆ ಅಂತ ಮಾರುವ ದಪ್ಪ ಜರಿಯನ್ನು ದಯವಿಟ್ಟು ಸೂಜಿ ಕಣ್ಣಿಗೆ ಹಾಕಬೇಡಿ, ಯಾವ ಸೂಜಿಯಾದರೂ ಸರಿ. ಅದನ್ನು ಕೈಯಲ್ಲೇ ಬಾಬಿನ್‌ಗೆ ಸುತ್ತಿ, ಮೇಲೆ ಮಾಮೂಲಿ ದಾರ ಹಾಕಿ, ಬಟ್ಟೆಯ ಒಳಮೈ ಮೇಲೆ ಮಾಡಿಕೊಂಡು ಹೊಲಿಯಿರಿ. ಜರಿ ಹೊರಮೈಯಲ್ಲಿ ಚೆನ್ನಾಗಿ ಕೂರುತ್ತದೆ.

ಇನ್ನು ತೊಂದರೆಗಳು. ಬೆಲೆ ಮಾಮೂಲಿ ಸೂಜಿಯ ಹಲವು ಪಟ್ಟು. ಕ್ಯಾನ್ವಾಸ್, ಪೈಪಿಂಗ್ ಎಲ್ಲಾ ಸೇರಿದ ದಪ್ಪ ಜಾಗದಲ್ಲಿ ನನಗೆ ಎರಡು ಸೂಜಿ ಮುರಿದಿವೆ, ಈಗ ಅಲ್ಲಿ ಚಕ್ರ ಕೈಯಲ್ಲೇ ತಿರುಗಿಸುತ್ತೇನೆ. ನಮ್ಮೂರ ಅಂಗಡಿಯಲ್ಲಿ ಸಿಗುವುದಿಲ್ಲ, ಆನ್‌ಲೈನ್‌ನಲ್ಲೇ ತರಿಸಬೇಕು. ಒಮ್ಮೆ ಬಂದ ಪ್ಯಾಕೆಟ್‌ನಲ್ಲಿ ಮಾಮೂಲಿ ಸೂಜಿಯೇ ಇತ್ತು, ವಾಪಸ್ ಕಳಿಸಿದೆ. ಬಂದ ಕೂಡಲೇ ಬಿಳಿ ಕಾಗದದ ಮೇಲೆ ಹಳೆ ಸೂಜಿಯ ಪಕ್ಕ ಇಟ್ಟು ನೋಡಿ, ಕಣ್ಣಿನ ಉದ್ದ ಅಲ್ಲೇ ಗೊತ್ತಾಗುತ್ತದೆ.

ಒಂದು ಸೂಜಿ ನನಗೆ ಆರೇಳು ಬ್ಲೌಸಿಗೆ ಬರುತ್ತದೆ. ಮತ್ತೆ ಪಟ್ಟಿ ಸುಲಿಯಲು ಶುರುವಾದರೆ ಟೆನ್ಶನ್ ಮುಟ್ಟುವ ಮೊದಲು ಸೂಜಿಯನ್ನೇ ಬದಲಾಯಿಸುತ್ತೇನೆ. ಮದುವೆ ಸೀಸನ್‌ಗೆ ಈಗಾಗಲೇ ಎರಡು ಪ್ಯಾಕೆಟ್ ತರಿಸಿ ಇಟ್ಟಿದ್ದೇನೆ.